ಕೇಳಿದರೆ ಔಟ್ ಅಲ್ಲ: ಎಂಟನೇ ತರಗತಿಯಲ್ಲಿ ಹೆಸರಿನ ಚೆಂಡಾಟ

ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎಂಟನೇ ತರಗತಿ ಎಂದರೆ ಹೊಸಬರ ಕೂಟ. ಏಳನೆಯವರೆಗೆ ಊರಿನಲ್ಲೋ ಪಕ್ಕದೂರಿನಲ್ಲೋ ಓದಿದ ಮಕ್ಕಳು ಎಂಟಕ್ಕೆ ಬಸ್ಸು ಹತ್ತಿ, ಇಲ್ಲವೆ ಎರಡು ಮೂರು ಕಿಲೋಮೀಟರ್ ನಡೆದು ಪ್ರೌಢಶಾಲೆಗೆ ಬರುತ್ತಾರೆ. ಒಂದೇ ಕೊಠಡಿಯಲ್ಲಿ ಎಂಟು ಹತ್ತು ಊರಿನವರು. ಮೊದಲ ಕೆಲವು ವಾರ ಊರಿಗೊಂದು ಬೆಂಚು. ಬೆಂಚಿನೊಳಗೆ ಎಲ್ಲರ ಹೆಸರೂ ಗೊತ್ತು, ಬೆಂಚು ದಾಟಿದರೆ ‘ಆ ಊರಿನವನು’, ‘ಉದ್ದ ಜಡೆಯವಳು’, ‘ಮುಂದಿನ ಬೆಂಚಿನವರು’. ಹಾಜರಿಯನ್ನು ಕ್ರಮಸಂಖ್ಯೆಯಲ್ಲಿ ಕರೆಯುವ ಕಡೆ ಹೆಸರು ಕಿವಿಗೆ ಬೀಳುವ ಸಂದರ್ಭವೂ ಇರುವುದಿಲ್ಲ. ಬೋಧನಾಭ್ಯಾಸಕ್ಕೆ ಹೋಗುವ ನಮಗೆ ಮಕ್ಕಳ ಹೆಸರು ಗೊತ್ತಿಲ್ಲದಿರುವುದು ಸಹಜ. ಮಕ್ಕಳಿಗೇ ಪರಸ್ಪರರ ಹೆಸರು ಗೊತ್ತಿಲ್ಲ ಎಂಬುದು ನಮ್ಮ ಪಾಠಯೋಜನೆಯ ಯಾವ ಕಾಲಂನಲ್ಲೂ ಬರುವುದಿಲ್ಲ. ಗುಂಪು ಚಟುವಟಿಕೆ ಎಂದು ಬರೆದುಕೊಂಡು ಹೋದ ದಿನ ಅದು ಎದುರಾಗುತ್ತದೆ. ಪಕ್ಕದವರನ್ನು ಏನೆಂದು ಕರೆಯಬೇಕೆಂದು ತಿಳಿಯದ ಐವರು ಒಂದು ಚಾರ್ಟಿನ ಸುತ್ತ ಸುಮ್ಮನೆ ಕೂತಿರುತ್ತಾರೆ.

ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲೆಯಲ್ಲಿ ಕಳೆಯಬೇಕಾದದ್ದು 20 ವಾರ, ಮೊದಲ ವರ್ಷ 4, ಎರಡನೇ ವರ್ಷ 16. ನನ್ನ ಮೊದಲ ನಾಲ್ಕು ವಾರ ಚಾಮರಾಜನಗರ ಪಟ್ಟಣದ ಒಂದು ಶಾಲೆಯಲ್ಲಿ, ಹದಿನಾರು ವಾರ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಕಳೆದವು. ಎರಡು ಕಡೆಯೂ ಎಂಟನೇ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂತು. ಮೊದಲನೆಯದರಲ್ಲಿ 41 ಮಕ್ಕಳು, ಎರಡನೆಯದರಲ್ಲಿ 36. ಎರಡು ಕಡೆಯೂ ಹೆಸರು ಕಲಿಯುವ ಆಟ ಆಡಿಸಿದೆ. ಮಕ್ಕಳ ಹೆಸರನ್ನು ಇಲ್ಲಿ ಬದಲಿಸಿದ್ದೇನೆ, ಹೆಸರಿನ ಬಗೆಯನ್ನು ಬದಲಿಸಿಲ್ಲ.

ತರಬೇತಿ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಆಟ ಇದು: ಎಲ್ಲರೂ ವೃತ್ತದಲ್ಲಿ ನಿಂತು ತಮ್ಮ ಹೆಸರಿನ ಮೊದಲ ಅಕ್ಷರದಿಂದಲೇ ಶುರುವಾಗುವ ಒಂದು ಗುಣವನ್ನು ಹೆಸರಿಗೆ ಸೇರಿಸಿ ಹೇಳುವುದು. ಇಂಗ್ಲಿಷ್ ಹೆಸರುಗಳಿಗೆ ಇದು ಹೊಂದುತ್ತದೆ. ನಮ್ಮ ಸೀಮೆಗೆ ಹೊಂದುವುದು ಕಷ್ಟ. ಇಲ್ಲಿನ ಹಾಜರಿ ಪುಸ್ತಕ ತೆರೆದರೆ ಸುತ್ತಲಿನ ಬೆಟ್ಟ, ಗದ್ದುಗೆಗಳೆಲ್ಲ ಅದರಲ್ಲಿರುತ್ತವೆ. ಮಲೆ ಮಹದೇಶ್ವರನಿಂದ ಮಾದೇಶ, ಮಾದಪ್ಪ, ಮಹದೇವಸ್ವಾಮಿ, ಮಹದೇವಮ್ಮ. ಬಿಳಿಗಿರಿರಂಗನಿಂದ ರಂಗಸ್ವಾಮಿ, ರಂಗಮ್ಮ. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯಿಂದ ಸಿದ್ದರಾಜು, ಸಿದ್ದಮ್ಮ. ನಂಜನಗೂಡಿನ ನಂಜುಂಡನಿಂದ ನಂಜುಂಡಸ್ವಾಮಿ, ನಂಜಮ್ಮಣ್ಣಿ. ಹೊಸ ಹೆಸರುಗಳು ಬಂದಿದ್ದರೂ ಹಳೆಯವು ತಂದೆಯ ಹೆಸರಾಗಿ, ಇನಿಷಿಯಲ್ ಆಗಿ ಉಳಿದಿವೆ. ಹೀಗಿರುವಾಗ ಅರ್ಧ ತರಗತಿಗೆ ‘ಮ’ಕಾರದ ಗುಣ ಹುಡುಕಿಕೊಡಬೇಕಾಗುತ್ತದೆ. ಮುದ್ದು, ಮೌನಿ ಮುಗಿದ ಮೇಲೆ ಉಳಿಯುವುದು ಮೊಂಡ, ಮಂಕ. ಹದಿಮೂರು ವರ್ಷದ ಹುಡುಗನಿಗೆ ಆ ದಿನ ಅಂಟಿದ ವಿಶೇಷಣ ಹತ್ತನೇ ತರಗತಿಯವರೆಗೂ ಅಡ್ಡಹೆಸರಾಗಿ ಉಳಿಯಬಹುದು. ಹೆಸರು ಕಲಿಸುವ ಆಟ ಅಡ್ಡಹೆಸರು ಹುಟ್ಟಿಸಬಾರದು. ಹಾಗಾಗಿ ಗುಣದ ಭಾಗವನ್ನು ಎರಡು ಶಾಲೆಯಲ್ಲೂ ಕೈಬಿಟ್ಟೆ.

ಇನ್ನೊಂದು ಪ್ರಸಿದ್ಧ ರೂಪ ಹೆಸರಿನ ಸರಪಳಿ. ಮೊದಲನೆಯವರು ತಮ್ಮ ಹೆಸರು ಹೇಳುತ್ತಾರೆ, ಎರಡನೆಯವರು ಮೊದಲನೆಯವರದ್ದೂ ತಮ್ಮದೂ ಹೇಳುತ್ತಾರೆ, ಹೀಗೆ ಕೊನೆಯವರೆಗೆ. ಇದನ್ನು ಗಣಿತದ ಕಣ್ಣಿನಿಂದ ನೋಡೋಣ. 41 ಮಕ್ಕಳಲ್ಲಿ ಕೊನೆಯವರು ತಮಗಿಂತ ಮುಂಚಿನ 40 ಹೆಸರು ಹೇಳಬೇಕು. ಒಟ್ಟು ಸಲ ಎಂದರೆ 1ರಿಂದ 40ರವರೆಗಿನ ಮೊತ್ತ, 820. ಒಂದು ಹೆಸರಿಗೆ ಎರಡು ಸೆಕೆಂಡ್ ಎಂದರೂ 27 ನಿಮಿಷ, ತಡವರಿಸುವುದನ್ನು ಬಿಟ್ಟು. ಒಂದು ಪೀರಿಯಡ್ ಹೆಚ್ಚುಕಡಿಮೆ ಅಲ್ಲೇ ಮುಗಿಯಿತು. ಅದೇ ಒಂಬತ್ತು ಮಕ್ಕಳ ಗುಂಪಾದರೆ ಮೊತ್ತ 36, ಸಮಯ ಒಂದೂಕಾಲು ನಿಮಿಷ. ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ, ನಾವೆಲ್ಲ ಶೈಕ್ಷಣಿಕ ಮನೋವಿಜ್ಞಾನದ ಪರೀಕ್ಷೆಗೆ ಉರು ಹೊಡೆದ ‘ಏಳು, ಎರಡು ಹೆಚ್ಚು ಅಥವಾ ಕಡಿಮೆ’ ಎಂಬ ಮಾತು ನೆನಪಿದ್ದವರಿಗೆ ಒಂಬತ್ತು ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಹೊಳೆದಿರುತ್ತದೆ.

ಸರಪಳಿಯ ಬಗ್ಗೆ ಇನ್ನೂ ಒಂದು ತಕರಾರಿದೆ. ಸಾಲಿನಲ್ಲಿ ಸರದಿ ಬರುವಾಗ ಮನಸ್ಸೆಲ್ಲ ‘ನನ್ನ ಪಾಳಿ ಬಂತು’ ಎಂಬುದರಲ್ಲೇ ಇರುತ್ತದೆ. ಮಾಲ್ಕಮ್ ಬ್ರೆನ್ನರ್ ಎಂಬ ಸಂಶೋಧಕ ಇದನ್ನು 1973ರಲ್ಲಿ ಪ್ರಯೋಗದಿಂದ ತೋರಿಸಿದ. ವೃತ್ತದಲ್ಲಿ ಕೂತು ಒಬ್ಬೊಬ್ಬರಾಗಿ ಪದ ಓದುವಾಗ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಓದಿದ ಪದಗಳೇ ಜನರಿಗೆ ಕಡಿಮೆ ನೆನಪಿದ್ದವು. ಎಂದರೆ ಪಕ್ಕದಲ್ಲಿ ನಿಂತವರ ಹೆಸರೇ ಮರೆತುಹೋಗುತ್ತದೆ! ಸರದಿ ಯಾವಾಗ ಬರುತ್ತದೆಂದು ಮೊದಲೇ ಗೊತ್ತಾಗದಂತೆ ಮಾಡಿದರೆ ಈ ತೊಂದರೆ ತಗ್ಗುತ್ತದೆ ಎನ್ನಿಸಿತು. ಅದಕ್ಕೆ ಚೆಂಡು.

ಚಾಮರಾಜನಗರದಲ್ಲಿ ಆಟಕ್ಕೆ ಮುಂಚೆ ಪ್ರೇರಣೆಗೆಂದು ಊರಿನ ಹೆಸರನ್ನೇ ತೆಗೆದುಕೊಂಡೆ. ಈ ಊರಿನ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟರು. ಇಬ್ಬರು ಮೂವರಿಗೆ ಇದು ಗೊತ್ತಿತ್ತು. ಆಮೇಲೆ ‘ಮುತ್ತುರಾಜು ಯಾರು?’ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ‘ಅಣ್ಣಾವ್ರು’ ಎಂದು ಒಟ್ಟಿಗೇ ಕೂಗಿದರು. ಗಾಜನೂರಿನ ಮುತ್ತುರಾಜು 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದದ್ದು ಈ ಭಾಗದ ಮಕ್ಕಳಿಗೆ ಮನೆಮಾತು. ಊರಿಗೆ, ಮನುಷ್ಯರಿಗೆ ಒಂದಕ್ಕಿಂತ ಹೆಚ್ಚು ಹೆಸರಿರಬಹುದು, ಕರೆಯುವವರು ಬೇರೆ ಬೇರೆ ಇರಬಹುದು ಎಂಬಲ್ಲಿಗೆ ಮಾತು ನಿಂತಿತು. ಮೂರು ನಿಮಿಷದ ಪ್ರೇರಣೆ ಅಷ್ಟೆ, ಆದರೆ ಮುಂದೆ ಗುಂಡ್ಲುಪೇಟೆಯಲ್ಲಿ ಇದು ಬೇರೊಂದು ರೀತಿಯಲ್ಲಿ ಕೆಲಸಕ್ಕೆ ಬಂತು.

ಆಟದ ನಿಯಮ ಸರಳ. ಚೆಂಡು ಹಿಡಿದವರು ಒಬ್ಬರ ಹೆಸರು ಕರೆದು, ಅವರು ತಿರುಗಿ ನೋಡಿದ ಮೇಲೆ ಎಸೆಯಬೇಕು. ಒಂದು ಸುತ್ತಿನಲ್ಲಿ ಒಬ್ಬರಿಗೆ ಒಂದೇ ಸಲ ಚೆಂಡು. ಹಳೆ ಬಟ್ಟೆ ಸುತ್ತಿ ಹೊಲಿದ ಚೆಂಡು ಸಾಕು. ರಬ್ಬರ್ ಚೆಂಡಾದರೆ ಕಿಟಕಿ ಕಡೆ ಹೋಗುತ್ತದೆ, ಮಕ್ಕಳ ಗಮನ ಕ್ರಿಕೆಟ್ ಕಡೆ ಹೋಗುತ್ತದೆ.

ಮೊದಲ ಎರಡು ನಿಮಿಷ ಆಟ ಬಹಳ ಚುರುಕಾಗಿತ್ತು, ನಗು, ಗದ್ದಲ. ದೂರದಿಂದ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತಿತ್ತು. ಚೆಂಡು ಹೋಗುವ ದಾರಿಯನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಗುರುತಿಸುತ್ತಿದ್ದ ಸಹಪಾಠಿ ವೀಕ್ಷಕಿಗೆ ಬೇರೆಯೇ ಕಂಡಿತು. ಚೆಂಡು ಹೋಗುತ್ತಿದ್ದದ್ದು ಹೆಸರು ಮೊದಲೇ ಗೊತ್ತಿದ್ದವರಿಗೆ. ಒಂದೇ ಪ್ರಾಥಮಿಕ ಶಾಲೆಯಿಂದ ಬಂದ ಆರೇಳು ಮಂದಿಯ ನಡುವೆ ಅದು ಓಡಾಡಿ, ಅವರೆಲ್ಲರ ಸರದಿ ಮುಗಿದಾಗ ಒಬ್ಬ ಹುಡುಗನ ಕೈಯಲ್ಲಿ ನಿಂತುಬಿಟ್ಟಿತು. ಉಳಿದವರ ಮುಖ ನೋಡುತ್ತಾನೆ, ಹೆಸರು ಬರುತ್ತಿಲ್ಲ. ಪಕ್ಕದವರು ‘ಔಟು, ಔಟು’ ಎನ್ನತೊಡಗಿದರು. ಔಟ್ ಎಂಬ ನಿಯಮ ನಾನು ಹೇಳಿರಲಿಲ್ಲ. ಮಕ್ಕಳಿಗೆ ಆಟ ಎಂದರೆ ಅದು ಇದ್ದೇ ಇರುತ್ತದೆ. ಅವನು ನನ್ನ ಕಡೆ ತಿರುಗಿ, ‘ಗೊತ್ತಿಲ್ದಿದ್ರ ಕೇಳ್ಬೌದಾ ಮಿಸ್?’ ಎಂದ.

ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಸಂಗತಿ ಈ ಪ್ರಶ್ನೆಯೊಳಗೇ ಇದೆ. ಕೇಳಬಹುದು ಎಂದೆ. ಅವನು ಎದುರಿನವನನ್ನು ‘ನಿನ್ ಹೆಸ್ರೇನು?’ ಎಂದು ಕೇಳಿದ, ಉತ್ತರ ಬಂತು, ಆ ಹೆಸರನ್ನು ಕೂಗಿ ಚೆಂಡು ಎಸೆದ. ಅಲ್ಲಿಂದ ಮುಂದೆ ಪ್ರತಿ ಎರಡನೇ ಎಸೆತಕ್ಕೆ ಮುಂಚೆ ಒಂದು ಪ್ರಶ್ನೆ. ಆಟದ ವೇಗ ಇಳಿಯಿತು, ಚೆಂಡಿನ ದಾರಿ ಹರಡಿತು. ವೀಕ್ಷಕಿಯ ನೋಟ್‌ಬುಕ್ಕಿನಲ್ಲಿ ಗೆರೆಗಳು ಒಂದು ಮೂಲೆಯಿಂದ ಎದ್ದು ಇಡೀ ವೃತ್ತವನ್ನು ತುಂಬಿದವು. ಮರೆತವರನ್ನು ಹೊರಗೆ ಕಳಿಸುವ ಆಟದಲ್ಲಿ, ಹೆಸರು ಗೊತ್ತಿದ್ದವರ ನಡುವೆಯೇ ಚೆಂಡು ತಿರುಗುವುದು ಸಹಜ. ಯಾರೂ ತಪ್ಪು ಮಾಡಲು ಬಯಸುವುದಿಲ್ಲವಲ್ಲ! ಯಾರ ಹೆಸರು ಯಾರಿಗೂ ಗೊತ್ತಿಲ್ಲವೋ, ಯಾರಿಗಾಗಿ ಈ ಆಟ ಇದೆಯೋ, ಚೆಂಡು ಸಿಗದಿರುವುದು ಅವರಿಗೇ. ಕೇಳುವುದು ಸೋಲಲ್ಲ ಎಂಬ ಒಂದು ನಿಯಮ ಇದನ್ನು ತಿರುಗಿಸಿ ಹಾಕುತ್ತದೆ.

ಗುಂಡ್ಲುಪೇಟೆಯ ಶಾಲೆಗೆ ಹೋದಾಗ ಆ ನಿಯಮವನ್ನೇ ಮೊದಲು ಇಟ್ಟುಕೊಂಡು ಆಟವನ್ನು ಯೋಜಿಸಿದೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಹೋಗಿ 36 ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ. ಒಂದೇ ಊರಿನ ಬೆಂಚು ಹೀಗೆ ತಾನಾಗಿ ಒಡೆಯುತ್ತದೆ. ಹೊಂಗೆ ಮರದ ಕೆಳಗೆ ನಾಲ್ಕು ವೃತ್ತ. ಮಕ್ಕಳಿಗೆ ವೃತ್ತ ಹೊಸದಲ್ಲ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯಲ್ಲಿ ಇವರೆಲ್ಲ ನೆಲದ ಮೇಲೆ ಗುಂಪಾಗಿ ಕೂತು ಕಲಿತವರೇ. ಆಮೇಲೆ ಬೆಂಚುಗಳು ಬಂದು ಎಲ್ಲರೂ ಕರಿಹಲಗೆಯ ಕಡೆಗೇ ಮುಖ ಮಾಡಿ ಕೂರುವುದು ರೂಢಿಯಾಗಿದೆ. ಮರದ ಕೆಳಗೆ ಕೂತ ಕೂಡಲೇ ಅವರ ದೇಹಕ್ಕೆ ಹಳೆಯದು ನೆನಪಾದಂತಿತ್ತು.

ಹೆಸರಿಗೆ ಗುಣದ ಬದಲು ಬೆಳೆಯನ್ನು ಸೇರಿಸಿದೆ. ‘ನಿನ್ನ ಹೆಸರು ಹೇಳು, ಮನೆ ಹತ್ತಿರದ ಹೊಲದಲ್ಲಿ ಈಗ ಏನು ಬೆಳೆದಿದೆ ಹೇಳು.’ ಎಂಟನೇ ತರಗತಿಯ ವಿಜ್ಞಾನದಲ್ಲಿ ಬೆಳೆಗಳ ಉತ್ಪಾದನೆ ಮತ್ತು ನಿರ್ವಹಣೆ ಪಾಠವಿದೆ, ಅದಕ್ಕೂ ದಾರಿಯಾಯಿತು. ಅರಿಶಿನ, ಸೂರ್ಯಕಾಂತಿ, ಬಾಳೆ, ಜೋಳ, ಸಣ್ಣ ಈರುಳ್ಳಿ, ಚೆಂಡು ಹೂವು. ಚೆಂಡು ಹೂವು ಎಂದವರೇ ಹೆಚ್ಚು. ಒಬ್ಬನಂತೂ ‘ಚೆಂಡು ಹೂವನ್ನೇ ಚೆಂಡು ಮಾಡ್ಕೊಳ್ಳೋಣ ಮಿಸ್’ ಎಂದ. ಮಾರನೆಯ ದಿನ ಜೇಬಿನಲ್ಲಿ ನಾಲ್ಕು ತಂದೂ ಬಿಟ್ಟ. ಎರಡು ಎಸೆತಕ್ಕೆ ಎಸಳು ಉದುರಿದವು. ಬಟ್ಟೆಯ ಚೆಂಡೇ ವಾಸಿ.

ಬೆಳೆ ಏಕೆ ನೆನಪಿಗೆ ಸಹಾಯ ಮಾಡುತ್ತದೆ ಎಂಬುದಕ್ಕೆ ಒಂದು ಸೊಗಸಾದ ಅಧ್ಯಯನವಿದೆ. 1987ರಲ್ಲಿ ಮೆಕ್‌ವೀನಿ ಮತ್ತು ಅವರ ಸಂಗಡಿಗರು ಅಪರಿಚಿತ ಮುಖಗಳನ್ನು ತೋರಿಸಿ, ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಕಸುಬು ಕಲಿಸಿದರು. ಕೆಲವು ಪದಗಳು ಹೆಸರೂ ಹೌದು, ಕಸುಬೂ ಹೌದು. ಅದೇ ಪದ ಕಸುಬಾಗಿ ಬಂದಾಗ ಸುಲಭವಾಗಿ ನೆನಪಾಯಿತು, ಹೆಸರಾಗಿ ಬಂದಾಗ ಕಷ್ಟವಾಯಿತು. ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಪೂಜಾರಿ. ‘ಇವರು ದೇವಸ್ಥಾನದ ಪೂಜಾರಿ’ ಎಂದರೆ ಗಂಟೆ, ಮಂಗಳಾರತಿ ತಟ್ಟೆ, ತೀರ್ಥ ಎಲ್ಲ ಕಣ್ಣಮುಂದೆ ಬರುತ್ತವೆ. ‘ಇವರ ಹೆಸರು ಪೂಜಾರಿ’ ಎಂದರೆ ಹಿಡಿದುಕೊಳ್ಳಲು ಏನೂ ಇಲ್ಲ. ಹೆಸರು ಒಂಟಿ ಪದ, ಅದಕ್ಕೊಂದು ಹೊಲ ಕೊಟ್ಟರೆ ನಿಲ್ಲುತ್ತದೆ. ಇಬ್ಬರು ಮಹದೇವಸ್ವಾಮಿಗಳನ್ನು ಇನಿಷಿಯಲ್‌ನಿಂದ ಬೇರ್ಪಡಿಸುವುದಕ್ಕಿಂತ ‘ಅರಿಶಿನದ ಮಹದೇವಸ್ವಾಮಿ’, ‘ಬಾಳೆಯ ಮಹದೇವಸ್ವಾಮಿ’ ಎನ್ನುವುದು ಮಕ್ಕಳಿಗೆ ಹಗುರ. ಇದು ಅಡ್ಡಹೆಸರಲ್ಲವೇ ಎಂದು ಯಾರಾದರೂ ಕೇಳಬಹುದು. ಬೆಳೆಯನ್ನು ಹೇಳುವವರು ತಾವೇ, ಬೆಳೆ ಹಂಗಾಮಿಗೆ ಬದಲಾಗುತ್ತದೆ, ಅದರಲ್ಲಿ ಹಂಗಿಸುವಂಥದ್ದೇನೂ ಇಲ್ಲ. ಸ್ವಂತ ಹೊಲ ಇಲ್ಲದವರಿಗೆ ನೋವಾಗಬಾರದೆಂದು ‘ನಿಮ್ಮ ಹೊಲ’ ಎನ್ನದೆ ‘ಮನೆ ಹತ್ತಿರದ ಹೊಲ’ ಎಂದಿದ್ದೆ.

ಮೂರನೇ ಗುಂಪಿನಲ್ಲಿ ಒಬ್ಬಳು ಹುಡುಗಿಯಿದ್ದಳು, ಕಾಡಂಚಿನ ಹಾಡಿಯಿಂದ ಬರುವವಳು. ತರಗತಿಯಲ್ಲಿ ಅವಳನ್ನು ‘ಹಾಡಿಯೋಳು’ ಎನ್ನುತ್ತಿದ್ದರು. ಬೈಗುಳವಾಗಿ ಅಲ್ಲ, ಬೇರೆ ಊರಿನವರನ್ನೂ ಊರಿನಿಂದಲೇ ಗುರುತಿಸುತ್ತಿದ್ದರಲ್ಲ, ಹಾಗೆ. ಆದರೆ ಬೇರೆ ಊರಿನವರು ನಾಲ್ಕೈದು ಜನ, ಅವರೊಳಗೆ ಅವರವರ ಹೆಸರು ನಡೆಯುತ್ತಿತ್ತು. ಹಾಡಿಯಿಂದ ಬರುವವಳು ಇವಳೊಬ್ಬಳೇ. ಶಾಲೆಯಲ್ಲಿ ಅವಳ ಹೆಸರನ್ನು ಕರೆಯುವ ಬಾಯಿ ಒಂದೂ ಇರಲಿಲ್ಲ. ಚೆಂಡು ಹಿಡಿದ ಹುಡುಗಿ ಅವಳ ಕಡೆ ತಿರುಗಿ ‘ಹಾಡಿ...’ ಎಂದು ಶುರುಮಾಡಿ, ನಿಯಮ ನೆನಪಾಗಿ ನಿಲ್ಲಿಸಿ, ‘ನಿನ್ ಹೆಸ್ರೇನು?’ ಎಂದಳು. ಅವಳು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದಾಗ ‘ಮಾದಿ’ ಎಂದಂತೆ ಕೇಳಿಸಿತು. ಹಾಜರಿಯಲ್ಲಿ ಇದ್ದದ್ದು ಮಾಧವಿ.

ಮನೆಯ ಹೆಸರನ್ನೇ ಎತ್ತಿಹಿಡಿಯಬೇಕು, ಶಾಲೆ ತಿದ್ದಿದ ಹೆಸರಲ್ಲ ಎಂದು ನಮ್ಮಂಥವರಿಗೆ ಅನ್ನಿಸುವುದು ಸುಲಭ. ಮಾದಪ್ಪನ ಬೆಟ್ಟದ ಸೀಮೆಯಲ್ಲಿ ಮಾದಿ ಎಂಬುದಕ್ಕಿಂತ ಸಹಜವಾದ ಹೆಸರು ಯಾವುದಿದೆ? ನನ್ನ ಮನಸ್ಸೂ ಆ ಕಡೆಗೇ ಇತ್ತು. ಆದರೆ ಹೆಸರು ಅವಳದ್ದು. ನಾಲ್ಕು ಗುಂಪಿಗೂ ಕೇಳುವಂತೆ ಗುಂಡ್ಲುಪೇಟೆಗೆ ಹಿಂದೆ ವಿಜಯಾಪುರ ಎಂಬ ಹೆಸರಿತ್ತೆಂದೂ, ಅಣ್ಣಾವ್ರಿಗೆ ಎರಡು ಹೆಸರಿತ್ತೆಂದೂ ಹೇಳಿ, ಎರಡು ಹೆಸರಿರುವವರು ಈ ತರಗತಿಯಲ್ಲಿ ಯಾವುದರಿಂದ ಕರೆಯಬೇಕೆಂದು ತಾವೇ ಹೇಳಬಹುದು ಎಂದೆ. ಏಳೆಂಟು ಕೈ ಮೇಲೆದ್ದವು. ಮನೆಯಲ್ಲಿ ಪುಟ್ಟ, ಚಿನ್ನಿ, ಅಪ್ಪು ಆಗಿದ್ದವರೆಲ್ಲ ಇಲ್ಲಿ ಹಾಜರಿಯ ಹೆಸರೇ ಇರಲಿ ಎಂದರು. ಒಬ್ಬ ಮಾತ್ರ ಅಜ್ಜನ ಹೆಸರು ಬೇಡ, ಮನೆಯ ಹೆಸರೇ ಇರಲಿ ಎಂದ. ಅವಳು ಕೊನೆಯಲ್ಲಿ, ‘ಹಾಡೀಲಿ ಮಾದಿ ಅಂತಾರ ಮಿಸ್. ಇಲ್ಲಿ ಮಾಧವಿ ಅನ್ನಿ’ ಎಂದಳು. ಎದುರಿನ ಹುಡುಗಿ ‘ಮಾಧವೀ’ ಎಂದು ಉದ್ದಕ್ಕೆ ಕೂಗಿ ಚೆಂಡು ಎಸೆದಳು. ಬೆಳೆ ಏನು ಎಂದು ಕೇಳಿದ್ದಕ್ಕೆ ಮಾಧವಿ ರಾಗಿ ಎಂದಳು, ಆನೆ ಬಂದು ತುಳಿದಿರುವ ರಾಗಿ ಎಂದೂ ಸೇರಿಸಿದಳು. ಆನೆಯ ಕಥೆ ಕೇಳಲು ಪಕ್ಕದ ಗುಂಪಿನವರೂ ಬಂದು ಕೂತದ್ದರಿಂದ ಆ ದಿನ ಆಟ ಅಲ್ಲಿಗೇ ನಿಂತಿತು.

ಒಂದು ದಿನದ ಆಟಕ್ಕೆ ಹೆಸರು ನಿಲ್ಲುವುದಿಲ್ಲ. ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ ಮರೆವಿನ ರೇಖೆ ಹೆಸರುಗಳನ್ನು ಬಿಟ್ಟೀತೆ? ಲ್ಯಾಂಡವರ್ ಮತ್ತು ಬ್ಯೋರ್ಕ್ 1978ರಲ್ಲಿ ಹೆಸರು ಕಲಿಕೆಯ ಮೇಲೆಯೇ ಪ್ರಯೋಗ ಮಾಡಿ, ನೆನಪಿಸಿಕೊಳ್ಳುವ ಸಂದರ್ಭಗಳ ನಡುವಿನ ಅಂತರವನ್ನು ಹಂತಹಂತವಾಗಿ ಹೆಚ್ಚಿಸುತ್ತ ಹೋದರೆ ಅನುಕೂಲವೆಂದು ಕಂಡರು. ಅದರಂತೆ ಮೊದಲ ದಿನ ಒಂಬತ್ತು ಜನರ ಗುಂಪು, ಮರುದಿನ ಎರಡು ಗುಂಪು ಸೇರಿ 18, ನಾಲ್ಕನೇ ದಿನ 36 ಮಂದಿಯ ಒಂದೇ ವೃತ್ತ, ಆಮೇಲೆ ಒಂದು ವಾರ ಬಿಟ್ಟು ಇನ್ನೊಮ್ಮೆ. ಮೊದಲ ದಿನ 12 ನಿಮಿಷ, ಆಮೇಲೆ ಐದೈದು ನಿಮಿಷ. ಗುಂಪು ಸೇರಿಸಿದ ದಿನ ತಮ್ಮ ಹೆಸರನ್ನು ತಾವು ಹೇಳುವಂತಿಲ್ಲ, ಹಳೆ ಗುಂಪಿನವರು ಪರಿಚಯಿಸಬೇಕು. ‘ಇವ್ಳು ಮಾಧವಿ, ಆನೆ ತುಳಿದ ರಾಗಿ’ ಎಂದು ಮೂವರು ಒಟ್ಟಿಗೆ ಹೇಳಿದರು.

ಪಠ್ಯ ಮುಗಿಸಬೇಕಾದ ಹೊತ್ತಿನಲ್ಲಿ ಚೆಂಡು ಏಕೆ ಎಂಬ ಪ್ರಶ್ನೆ ಶಿಕ್ಷಕರ ಕೊಠಡಿಯಲ್ಲಿ ಬಂತು. ನ್ಯಾಯವಾದ ಪ್ರಶ್ನೆ. ನನ್ನ ಲೆಕ್ಕದಲ್ಲಿ ನಾಲ್ಕು ದಿನಕ್ಕೆ ಒಟ್ಟು 27 ನಿಮಿಷ. ಒಂದೇ ದಿನದ ಸರಪಳಿ ಆಟಕ್ಕೂ ಅಷ್ಟೇ ಬೇಕಿತ್ತು ಎಂಬುದು ತಮಾಷೆ. ಲಾಭ ಕಂಡದ್ದು ಗುಂಪು ಚಟುವಟಿಕೆಯಲ್ಲಿ. ಬೀಜ ಆಯ್ಕೆಯ ಪ್ರಯೋಗದಲ್ಲಿ ನೀರಿಗೆ ಹಾಕಿದ ಕಾಳು ತೇಲಿದಾಗ ‘ರಂಗಸ್ವಾಮಿ, ಅದ ತಗಿ’, ‘ಸಮೀನಾ, ನೀ ಬರ್ಕೊ’ ಎಂಬ ಮಾತು ಕೇಳಿಸತೊಡಗಿತು. ಹುಡುಗರು ಹುಡುಗಿಯರು ಹೆಸರಿನಿಂದ ಕರೆದುಕೊಳ್ಳಲು ನಾಚುವ ವಯಸ್ಸು ಅದು. ‘ಅವ್ರು’, ‘ಇವ್ರು’ ಎಂದೇ ಮುಗಿಸುತ್ತಾರೆ. ಚೆಂಡು ಕೈಯಲ್ಲಿದ್ದಾಗ ಹೆಸರು ಕೂಗುವುದು ಆಟದ ನಿಯಮ, ಆದ್ದರಿಂದ ಯಾರೂ ಛೇಡಿಸುವಂತಿರಲಿಲ್ಲ. ಆ ಅನುಮತಿ ಪ್ರಯೋಗದ ಮೇಜಿನವರೆಗೂ ಬಂತು. ಶಾಲೆಯ ಗೇಟಿನ ಆಚೆಗೆ, ಬಸ್ ನಿಲ್ದಾಣದಲ್ಲಿ ಬರಲಿಲ್ಲ. ಅಲ್ಲಿ ಹುಡುಗರದ್ದು ಒಂದು ಕಡೆ, ಹುಡುಗಿಯರದ್ದು ಒಂದು ಕಡೆ.

ಈ ಆಟವನ್ನು ಎತ್ತಿಕೊಳ್ಳುವವರಿಗೆ ಇನ್ನೊಂದು ಮಾತು. ಮೊದಲ ದಿನ ಗೈರುಹಾಜರಾದವರನ್ನು ಮರೆಯಬೇಡಿ. ನಮ್ಮಲ್ಲಿ ಇಬ್ಬರಿದ್ದರು, ಒಬ್ಬ ಜ್ವರದಿಂದ, ಇನ್ನೊಬ್ಬ ಹೂ ಕೊಯ್ಲಿಗೆ ಹೋಗಿ. ಹೂ ಕೊಯ್ಲಿನವನು ಐದನೇ ದಿನ ಬಂದ. ಊಟದ ಬಿಡುವಿನಲ್ಲಿ ನೋಡಿದರೆ ಬೇರೆ ಬೇರೆ ಊರಿನ ನಾಲ್ಕು ಮಕ್ಕಳು ಅವನನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡು ಚೆಂಡು ಎಸೆಯುತ್ತಿದ್ದರು. ಅವರಲ್ಲಿ ಮಾಧವಿಯೂ ಒಬ್ಬಳು, ನಿಯಮ ಹೇಳಿಕೊಡುತ್ತಿದ್ದವಳೂ ಅವಳೇ: ‘ಗೊತ್ತಿಲ್ದಿದ್ರ ಕೇಳು. ಕೇಳುದ್ರ ಔಟಲ್ಲ.’